ದೇವರು ಕೊಟ್ಟರೂ ಪ್ರಿಂಟರ್ ಕೊಡ

ರಾತ್ರಿ ಒಂಬತ್ತೂವರೆ. ಮೊಸರನ್ನದ ಕೊನೇ ತುತ್ತು ಬಾಯಲ್ಲಿತ್ತು. ಆರನೇ ಕ್ಲಾಸಿನ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಪ್ಪಾ, ನಾಳೆ ಪ್ರಾಜೆಕ್ಟ್ ಕೊಡಬೇಕು" ಅಂದಳು. ನಮ್ಮಲ್ಲಿ ಪ್ರಿಂಟರ್ ಮಾರಾಟವಾಗುವುದು ಜಾಹೀರಾತಿನಿಂದಲ್ಲ, ಈ ಒಂದು ಮಾತಿನಿಂದ.

ವಿಷಯ, ಕರ್ನಾಟಕದ ನದಿಗಳು. ಚಿತ್ರಗಳು ಬಣ್ಣದಲ್ಲಿರಬೇಕು, ಪ್ರಿಂಟ್ ತೆಗೆದೇ ಅಂಟಿಸಬೇಕು, ಕೈಯಲ್ಲಿ ಬಿಡಿಸುವ ಹಾಗಿಲ್ಲ ಅಂತ ಮಿಸ್ ಹೇಳಿದ್ದಾರಂತೆ. ಸರಿಯೇ. ಕೈಯಲ್ಲಿ ಬಿಡಿಸಿದರೆ ಮಗು ಏನಾದರೂ ಕಲಿತುಬಿಡುವ ಅಪಾಯವಿದೆ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯ ಶಟರ್ ಎಂಟೂವರೆಗೇ ಇಳಿದಿತ್ತು. ನಮ್ಮಾಕೆ ಸೊಂಟದ ಮೇಲೆ ಕೈಯಿಟ್ಟು, "ಎಲ್ಲರ ಮನೇಲೂ ಒಂದು ಪ್ರಿಂಟರ್ ಇದೆ ಕಣ್ರೀ" ಅಂದಳು. ಎಲ್ಲರ ಮನೆ ಎಂದರೆ ಅವಳ ತಮ್ಮನ ಮನೆ.

ಹಸು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ದಿನಕ್ಕೆ ಎಷ್ಟು ಹಿಂಡಿ ತಿನ್ನುತ್ತೆ ಅಂತ ಕೇಳುತ್ತೇವೆ. ಎಂ.ಎ. ಓದಿದ ನಾನು ಪ್ರಿಂಟರ್ ಅಂಗಡಿಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ವೈಫೈ ಇದೆಯಾ, ಬಿಳೀ ಬಣ್ಣದ್ದು ಇದೆಯಾ. ಎರಡೂ ಇತ್ತು. ಮೂರೂವರೆ ಸಾವಿರಕ್ಕೆ ಪ್ರಿಂಟು, ಸ್ಕ್ಯಾನು, ಕಾಪಿ ಮೂರನ್ನೂ ಮಾಡುವ ಇಂಕ್‌ಜೆಟ್ ಯಂತ್ರ. ಅಂಗಡಿಯ ಹುಡುಗ ಹಿಂಡಿಯ ಬೆಲೆ ಹೇಳಲಿಲ್ಲ. ಅದು ತಿಳಿದದ್ದು ಒಂದೂವರೆ ತಿಂಗಳ ಮೇಲೆ. ಕಪ್ಪಿನದೊಂದು, ಬಣ್ಣದ್ದೊಂದು, ಎರಡು ಕಾರ್ಟ್ರಿಡ್ಜ್ ಸೇರಿ ಎರಡು ಸಾವಿರದ ಹತ್ತಿರ. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡ ಡಬ್ಬಿ, ಅದರೊಳಗೊಂದು ಸ್ಪಂಜು, ಸ್ಪಂಜಿನಲ್ಲಿ ಮಕ್ಕಳ ಕೆಮ್ಮಿನ ಔಷಧಿ ಕುಡಿಸುವಷ್ಟು ಇಂಕು. ಮೂಗಿಗಿಂತ ಮೂಗುತಿ ಭಾರ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಒಡವೆಯ ವಿಷಯ ಅಂದುಕೊಂಡಿದ್ದೆ.

ಡಬ್ಬಿಯ ಮೇಲೆ ಇಷ್ಟು ಪುಟ ಬರುತ್ತದೆ ಅಂತ ಬರೆದಿರುತ್ತಾರೆ. ಎಂಥ ಪುಟ? ಹಳೇ ವಾಡಿಕೆಯ ಲೆಕ್ಕದಲ್ಲಿ, ಹಾಳೆಯ ನೂರು ಪಾಲಿನಲ್ಲಿ ಐದು ಪಾಲಿಗೆ ಮಾತ್ರ ಮಸಿ ತಾಗಿದ ಪುಟ. ಅಂದರೆ ಜ್ವರ ಬಂದಿದೆ ಎಂದು ಬರೆದ ರಜಾ ಅರ್ಜಿ. ಮಗಳ ತುಂಗಭದ್ರಾ ಅಣೆಕಟ್ಟು ಒಂದೇ ಹಾಳೆಯಲ್ಲಿ ಹತ್ತು ರಜಾ ಅರ್ಜಿ ಕುಡಿಯಿತು. ಎರಡನೇ ಪ್ರಾಜೆಕ್ಟು ಕರ್ನಾಟಕದ ಪಕ್ಷಿಗಳು. ಅಷ್ಟರಲ್ಲಿ ನೀಲಿ ಮುಗಿದು, ನಮ್ಮ ರಾಜ್ಯಪಕ್ಷಿ ನೀಲಕಂಠ ಗುಲಾಬಿಕಂಠವಾಗಿ ಹೊರಬಂತು. ಮಿಸ್ ಅದಕ್ಕೂ 'ವೆರಿ ಗುಡ್' ಹಾಕಿದರು.

ಅದಾದ ಮೇಲೆ ಹಳದಿಯ ಪ್ರಕರಣ. ನನಗೆ ಖಾತೆ ಬದಲಾವಣೆಯ ಅರ್ಜಿಯೊಂದು ಬೇಕಿತ್ತು. ಆ ಅರ್ಜಿಯಲ್ಲಿ ಬಣ್ಣವೆಂಬುದೇ ಇಲ್ಲ, ಮೊದಲಿಂದ ಕೊನೆವರೆಗೆ ಕಪ್ಪು. ಪ್ರಿಂಟರ್ ತನ್ನ ಪುಟ್ಟ ಕಣ್ಣು ಕೆಂಪು ಮಾಡಿ, ಹಳದಿ ಖಾಲಿಯಾಗಿದೆ ಅಂದಿತು. ಹಳದಿ ಯಾರಿಗೆ ಬೇಕಯ್ಯಾ, ಕಪ್ಪಿನಲ್ಲೇ ಕೊಡು ಅಂದರೆ ಒಲ್ಲೆ. ಅರಿಸಿನ ಮುಗಿದಿದೆ ಅಂತ ಅನ್ನಕ್ಕೆ ಎಸರಿಡದ ಅಡುಗೆಭಟ್ಟ ಇದು. ಮೇಲಾಗಿ, ಮೂರು ಬಣ್ಣದ್ದೂ ಒಂದೇ ಡಬ್ಬಿಯಲ್ಲಿ ಕೂಡುಕುಟುಂಬ. ಹಳದಿ ತೀರಿಕೊಂಡರೆ ನೀಲಿ, ಕೆಂಪು ಗಟ್ಟಿಮುಟ್ಟಾಗಿದ್ದರೂ ಸಹಗಮನ ಮಾಡಲೇಬೇಕು.

ಯಂತ್ರಗಳಿಗೆ ಹಳದಿಯ ಮೇಲೆ ಬೇರೆ ಥರದ ಮೋಹವೂ ಉಂಟು. ಹಲವು ಕಲರ್ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಬರಿಗಣ್ಣಿಗೆ ಕಾಣದಂಥ ಹಳದಿ ಚುಕ್ಕೆ ಇಡುತ್ತವೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ನಿನವರು 2005ರಲ್ಲಿ ಜೆರಾಕ್ಸ್ ಕಂಪನಿಯ ಒಂದು ಮಾದರಿಯ ಚುಕ್ಕೆಗಳನ್ನು ಓದಿ, ಅದರಲ್ಲಿ ಯಂತ್ರದ ನಂಬರು, ತಾರೀಕು, ಹೊತ್ತು ಎಲ್ಲ ಅಡಗಿದೆ ಎಂದು ತೋರಿಸಿದರು. ಖೋಟಾನೋಟು ಮಾಡುವವನನ್ನು ಹಿಡಿಯಲಿಕ್ಕಂತೆ. ನನ್ನ ಮೂರೂವರೆ ಸಾವಿರದ್ದಕ್ಕೆ ಅಂಥ ದೇಶಸೇವೆಯ ಚಪಲವೇನಿಲ್ಲ. ಅದರದ್ದು ಬರೀ ಹೊಟ್ಟೆಬಾಕತನ.

ಹಾಗಂತ ಇಂಕ್‌ಜೆಟ್ಟಿನ ಬುದ್ಧಿವಂತಿಕೆಯನ್ನು ಅಲ್ಲಗಳೆಯಲಾರೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಶಾಲೆಯಲ್ಲಿ, ಇಂಕು ತುಂಬಿದ ಸಿರಿಂಜಿನ ಸೂಜಿಗೆ ಕಾದ ಬೆಸುಗೆಕಡ್ಡಿ ತಗುಲಿ ಇಂಕು ಚಿಮ್ಮಿತಂತೆ. ಬೇರೆಯವರಾಗಿದ್ದರೆ ಅಂಗಿ ಒಗೆಯಲು ಹೋಗುತ್ತಿದ್ದರು. ಅಲ್ಲಿದ್ದವರು ಅದರಲ್ಲೊಂದು ಪ್ರಿಂಟರ್ ಕಂಡರು. ಕೂದಲೆಳೆಗಿಂತ ಸಣ್ಣ ತೂತು, ಅದರ ಹಿಂದೊಂದು ಒಲೆ. ಇಂಕು ಕುದಿಯುತ್ತದೆ, ಗುಳ್ಳೆ ಏಳುತ್ತದೆ, ಹನಿಯೊಂದು ಹೊರಕ್ಕೆ ಹಾರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎಲೆಅಡಿಕೆ ಉಗಿಯುವವರಿಗೆ ಇದರ ಕಾಲುಭಾಗ ಗುರಿಯಿದ್ದರೂ ಗೋಡೆಗಳು ಉಳಿಯುತ್ತಿದ್ದವು.

ಆದರೆ ಅಷ್ಟು ಸಣ್ಣ ತೂತಿನಲ್ಲಿ ಇಂಕು ಒಣಗದೆ ಇರುತ್ತದೆಯೇ? ಬೇಸಿಗೆ ರಜೆಗೆ ತೀರ್ಥಹಳ್ಳಿಗೆ ಹೋಗಿ ಒಂದೂವರೆ ತಿಂಗಳು ಬಿಟ್ಟು ಬಂದೆವು. ಪ್ರಿಂಟ್ ಕೊಟ್ಟರೆ ಹಾಳೆಯ ತುಂಬ ಅಡ್ಡಗೆರೆ. ತಲೆ ತೊಳೆಸಿ ಅಂದಿತು ಯಂತ್ರ. ಹೆಡ್ ಕ್ಲೀನಿಂಗ್. ಯಾವುದರಿಂದ ತೊಳೆಯುತ್ತದೆ ಗೊತ್ತೇ? ಅದೇ ಇಂಕಿನಿಂದ. ಚಿನ್ನದ ನೀರಲ್ಲಿ ಪಾತ್ರೆ ಬೆಳಗಿದ ಹಾಗೆ ಮೂರು ಸಲ ತೊಳೆದುಕೊಂಡು, ಕೊನೆಗೆ ತೂತು ಶುದ್ಧವಾಯಿತು, ಇಂಕು ಖಾಲಿಯಾಯಿತು. ಒಂದಕ್ಷರ ಬರೆಯದೆ ಒಂದು ಸಾವಿರ ರೂಪಾಯಿಯ ಮಸಿ ಖರ್ಚು ಮಾಡುವುದು ವಿಮರ್ಶಕರಿಂದಲೂ ಆಗಿರಲಿಲ್ಲ.

ರೀಫಿಲ್ ಮಾಡಿಸೋಣ ಎಂದು ಸಿರಿಂಜಿನವನ ಹತ್ತಿರ ಹೋದೆ. ಡಬ್ಬಿ ತುಳುಕುವಷ್ಟು ತುಂಬಿಸಿ ಕೊಟ್ಟ. ಮನೆಗೆ ತಂದು ಕೂರಿಸಿದರೆ, ಖಾಲಿಯಾಗಿದೆ. ಅಲ್ಲ ಮಾರಾಯ, ತುಂಬಿದೆ, ನನ್ನ ಬೆರಳೇ ನೀಲಿಯಾಗಿದೆ. ಇಲ್ಲ, ಖಾಲಿಯಾಗಿದೆ. ಡಬ್ಬಿಯ ಬೆನ್ನಿಗೆ ಪುಟ್ಟ ಚಿಪ್ ಅಂಟಿಸಿರುತ್ತಾರೆ. ಅದು ಇಂಕನ್ನು ನೋಡುವುದಿಲ್ಲ, ಲೆಕ್ಕದ ಪುಸ್ತಕ ನೋಡುತ್ತದೆ. ಗರ್ಭಗುಡಿಯೊಳಗೆ ಇಂಕು ತುಂಬಿ ತುಳುಕುತ್ತಿದೆ, ಬಾಗಿಲಲ್ಲಿ ಚಿಪ್ ಕೂತು, ತೀರ್ಥ ಮುಗಿಯಿತು, ನಾಳೆ ಬನ್ನಿ ಅನ್ನುತ್ತಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಕಟ್ಟಿದವರ ಮನೆಯಲ್ಲಿ ಪ್ರಿಂಟರ್ ಇದ್ದಿರಬೇಕು.

ನನ್ನದು ಯಾವ ಕಂಪನಿ ಅಂತ ಕೇಳಬೇಡಿ, ಎಲ್ಲರ ಮನೆ ದೋಸೆಯೂ ತೂತೇ. ಜಗತ್ತಿಗೆಲ್ಲ ಗೊತ್ತಾದ ಪೂಜಾರಿಕೆ ಬೇಕಿದ್ದರೆ ಹೇಳುತ್ತೇನೆ. 2016ರ ಸೆಪ್ಟೆಂಬರ್ 13ರಂದು, ಅದುವರೆಗೆ ಬೇರೆಯವರ ಕಾರ್ಟ್ರಿಡ್ಜ್ ಹಾಕಿಕೊಂಡು ಸುಮ್ಮನೆ ಕೆಲಸ ಮಾಡಿಕೊಂಡಿದ್ದ ಹಲವು ಎಚ್‌ಪಿ ಪ್ರಿಂಟರುಗಳು ಒಂದೇ ದಿನ ಮುಷ್ಕರ ಹೂಡಿದವು. ಮೊದಲೇ ತಾರೀಕು ಗೊತ್ತುಮಾಡಿ ಒಳಗೆ ಬರೆದಿಟ್ಟಿದ್ದರು. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿತು. ಕಲಿತ ಪಾಠ ಏನು ಅಂದರೆ, ಅದೇ ಕಂಪನಿಯ ಆಗಿನ ಮುಖ್ಯಸ್ಥ ಎನ್ರಿಕೆ ಲೋರೆಸ್ 2024ರ ಜನವರಿಯಲ್ಲಿ ಟೀವಿಯಲ್ಲಿ ಕೂತು, ಮುದ್ರಣವನ್ನು ತಿಂಗಳ ಚಂದಾ ಮಾಡುವುದೇ ನಮ್ಮ ಮುಂದಿನ ಗುರಿ ಅಂದರು. ನಮ್ಮ ಇಂಕು ಕೊಳ್ಳದ ಗಿರಾಕಿ ನಮಗೆ ದಂಡದ ಬಂಡವಾಳ ಅನ್ನುವ ಅರ್ಥದ ಮಾತನ್ನೂ ಆಡಿದರು. ನಾನು ಇಷ್ಟು ದಿನ ಪ್ರಿಂಟರ್ ಕೊಂಡವನು ನಾನು ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಅವರು ನನ್ನನ್ನು ಕೊಂಡಿದ್ದಾರೆ, ಸಾಕುವ ಖರ್ಚು ಹುಟ್ಟುತ್ತಿಲ್ಲ ಅಷ್ಟೆ.

ಏನೂ ಗೊತ್ತಿರದ ಪ್ರಿಂಟರಿನ ನೆನಪು ಬಂದದ್ದು ಆಗ. ಅಪ್ಪ ಗುಮಾಸ್ತರಾಗಿದ್ದ ಸಹಕಾರ ಸಂಘದಲ್ಲಿ ಒಂದು ಡಾಟ್ ಮ್ಯಾಟ್ರಿಕ್ಸ್ ಇತ್ತು. ಒಂಬತ್ತು ಸೂಜಿ, ಒಂದು ರಿಬ್ಬನ್, ಇಕ್ಕೆಲದಲ್ಲೂ ತೂತಿನ ಸಾಲಿರುವ ಮಡಿಕೆ ಕಾಗದ. ಅದು ಪ್ರಿಂಟ್ ಮಾಡುತ್ತಿರಲಿಲ್ಲ, ಕಾಗದಕ್ಕೆ ಹೊಡೆಯುತ್ತಿತ್ತು. ಮಾರ್ಚ್ 31ರ ರಾತ್ರಿ ಅದರ ಚೀರಾಟ ಪಕ್ಕದ ಬೀದಿಯ ಕಾಫಿಪುಡಿ ಮಿಷನ್ನಿನವರೆಗೆ ಕೇಳುತ್ತಿತ್ತು. ಕಾಗದದ ಅಂಚಿನ ಪಟ್ಟಿಗಳನ್ನು ಅಪ್ಪ ಮನೆಗೆ ತರುತ್ತಿದ್ದರು, ನಮ್ಮ ಗೊಂಬೆ ಹಬ್ಬದ ತೋರಣವೆಲ್ಲ ಅದರದ್ದೇ. ರಿಬ್ಬನ್ ಮಂಕಾದರೆ ಸ್ಟಾಂಪ್ ಪ್ಯಾಡಿನ ಮಸಿ ಎರಡು ತೊಟ್ಟು. ಅದಕ್ಕೂ ಯಂತ್ರ ಚಕಾರ ಎತ್ತಿದ್ದಿಲ್ಲ. ರಿಬ್ಬನ್ ಯಾರದು, ಎಲ್ಲಿಂದ ಬಂತು, ಎಷ್ಟನೇ ಸಲ ತಿರುಗುತ್ತಿದೆ, ಯಾವುದೂ ಅದಕ್ಕೆ ಗೊತ್ತಿರಲಿಲ್ಲ. ಮಸಿ ಮುಗಿದರೂ ಹೊಡೆಯುತ್ತಿತ್ತು. ಕಾಗದ ಮುಗಿದರೆ ಮಾತ್ರ ನಿಂತು, ನಮ್ಮ ಮುಖ ನೋಡುತ್ತಿತ್ತು.

ಅದೀಗ ಸತ್ತಿದೆ ಅಂದುಕೊಂಡಿದ್ದೀರಾ? ಬ್ಯಾಂಕಿನಲ್ಲಿ ಪಾಸ್‌ಬುಕ್ ಹಾಕಿಸಿ ನೋಡಿ, ಕಿರ್ ಅಂತ ಅದೇ ದನಿ. ಕಾರ್ಬನ್ ಹಾಳೆಯಿಟ್ಟು ಒಂದೇ ಏಟಿಗೆ ಮೂರು ಪ್ರತಿ ತೆಗೆಯಬೇಕಾದ ಗೋದಾಮಿನವರಿಗೆ, ಸಗಟು ವ್ಯಾಪಾರಿಗಳಿಗೆ ಬೇರೆ ಗತಿಯಿಲ್ಲ. ಉಳಿದವೆಲ್ಲ ಕಾಗದದ ಮೇಲೆ ಮಸಿ ಸವರುವಂಥವು, ಕೆಳಗಿನ ಹಾಳೆಗೆ ಪೆಟ್ಟು ತಲುಪುವಂತೆ ಹೊಡೆಯುವುದು ಇದೊಂದೇ. ಒಂದು ತಂದುಬಿಡೋಣ ಅಂತ ವಿಚಾರಿಸಿದೆ. ಹೊಸದರ ಬೆಲೆ ನನ್ನ ಇಂಕ್‌ಜೆಟ್ಟಿನ ಮೂರು ಪಟ್ಟಿಗೂ ಮೇಲೆ. ಮೋಸ ಮಾಡಲು ಬಾರದ ಯಂತ್ರ ತನ್ನ ಪೂರ್ತಿ ಬೆಲೆಯನ್ನು ಮೊದಲೇ ಕೇಳುತ್ತದೆ. ಮೇಲಾಗಿ ನಮ್ಮ ಒತ್ತಕ್ಷರಗಳು ಅದರ ಒಂಬತ್ತು ಸೂಜಿಗೆ ಸಿಕ್ಕರೆ ಕಂಬಳಿಹುಳದ ಮೆರವಣಿಗೆ. ನದಿಗಳ ಪ್ರಾಜೆಕ್ಟಿಗಂತೂ ಬೇಡ.

ಈಗ ಭಾಮೈದನ ಮನೆಗೆ ಬರೋಣ. ಅವನದ್ದು ಇಂಕ್ ಟ್ಯಾಂಕ್. ಕಾರ್ಟ್ರಿಡ್ಜ್ ಇಲ್ಲ, ಪಕ್ಕದಲ್ಲಿ ನಾಲ್ಕು ಗಾಜಿನಂಥ ತೊಟ್ಟಿ, ಬಾಟಲಿಯಿಂದ ಸುರಿದರಾಯಿತು. ಬೆಲೆ ಹನ್ನೆರಡು ಸಾವಿರ, ಆದರೆ ಒಂದು ಕಪ್ಪು ಬಾಟಲಿಗೆ ನಾಲ್ಕು ಸಾವಿರದಷ್ಟು ಪುಟ ಅಂತ ಲೆಕ್ಕ ಒಪ್ಪಿಸಿದ. ಇದರ ಕತೆ ನನಗೆ ಖುಷಿ ಕೊಡುವಂಥದ್ದು. ನಮ್ಮಂಥ ದೇಶಗಳ ರಿಪೇರಿ ಅಂಗಡಿಯವರು ಕಾರ್ಟ್ರಿಡ್ಜಿಗೆ ತೂತು ಹಾಕಿ, ಕೊಳವೆ ಸಿಕ್ಕಿಸಿ, ಹೊರಗೊಂದು ಬಾಟಲಿ ಕಟ್ಟಿ, ಪ್ರಿಂಟರನ್ನು ಡ್ರಿಪ್ ಹಾಕಿದ ರೋಗಿಯ ಹಾಗೆ ನಡೆಸುತ್ತಿದ್ದರು. ವಾರಂಟಿ ಹೋಯಿತು ಅಂತ ಕಂಪನಿಗಳು ಬಯ್ದೇ ಬಯ್ದವು, ಯಾರೂ ಕೇಳಲಿಲ್ಲ. ಕೊನೆಗೆ ಎಪ್ಸನ್ ಕಂಪನಿ 2010ರಲ್ಲಿ ಇಂಡೋನೇಷ್ಯಾದಲ್ಲಿ ತಾನೇ ತೊಟ್ಟಿ ಕಟ್ಟಿ ಮಾರಿತು, ಬೆನ್ನಲ್ಲೇ ನಮ್ಮಲ್ಲಿಗೂ ತಂದಿತು. ಅಮೆರಿಕದವರ ಕೈಗೆ ಅದು ಹೋದದ್ದು 2015ರಲ್ಲಿ. ನಮ್ಮ ಕಳ್ಳಕೊಳವೆಗೆ ರಾಜಮುದ್ರೆ ಬಿದ್ದು ಅದೇ ಹೊಸ ತಂತ್ರಜ್ಞಾನವಾಯಿತು. ಆ ಅಂಗಡಿಯವರಿಗೆ ಒಂದು ಶಾಲು, ಒಂದು ಹಾರ? ಅದೆಲ್ಲ ಏನೂ ಇಲ್ಲ.

ಆದರೆ ಟ್ಯಾಂಕಿನದೂ ಇಂಕೇ, ಹೆಡ್ಡಿನದೂ ತೂತೇ. ಒಣಗಬಾರದು ಅಂತ ಭಾಮೈದ ಪ್ರತಿ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಒಂದು ಪುಟ ಪ್ರಿಂಟ್ ತೆಗೆಯುತ್ತಾನೆ. ಎಲ್ಲ ಬಣ್ಣವೂ ಬರಬೇಕಲ್ಲ, ಅದಕ್ಕೆ ಮಂಜುನಾಥಸ್ವಾಮಿಯ ಕಲರ್ ಫೋಟೋ ಆರಿಸಿಕೊಂಡಿದ್ದಾನೆ. ದೇವರ ಪಟ ಕಸಕ್ಕೆ ಹಾಕುವ ಹಾಗಿಲ್ಲ, ಹಿಂಬದಿಯಲ್ಲಿ ದಿನಸಿ ಚೀಟಿ ಬರೆಯುವ ಹಾಗೂ ಇಲ್ಲ. ಮೂರು ವರ್ಷಕ್ಕೆ ನೂರೈವತ್ತು ಚಿಲ್ಲರೆ ಮಂಜುನಾಥರು ಅಟ್ಟದ ಮೇಲೆ ಸೇರಿದ್ದಾರೆ. ಊರಿಗೆ ಹೋದರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, "ತುಳಸಿಗೆ ನೀರು, ಪ್ರಿಂಟರಿಗೆ ಒಂದು ಪುಟ" ಅಂತ ಹೇಳಿ ಹೋಗುತ್ತಾನೆ. ಇಷ್ಟರ ಮೇಲೆ, ಹೆಡ್ ತೊಳೆದ ಇಂಕೆಲ್ಲ ಹೋಗಿ ಹೀರಿಕೊಳ್ಳುವ ಪ್ಯಾಡೊಂದು ಒಳಗಿದೆ. ಅದು ತುಂಬಿತು ಅಂತ ಯಂತ್ರ ತನ್ನಷ್ಟಕ್ಕೆ ಲೆಕ್ಕ ಹಾಕಿದ ದಿನ ಕೆಲಸ ಬಂದ್. ನಾಲ್ಕು ತೊಟ್ಟಿ ತುಂಬಿದ್ದರೂ ಚರಂಡಿ ಕಟ್ಟಿದೆ ಅಂತ ಊರಿಗೆ ನೀರು ನಿಲ್ಲಿಸುವುದು ಯಾವ ಪುರಸಭೆಯಿಂದ ಕಲಿತದ್ದೋ.

ನನಗೆ ಜ್ಞಾನೋದಯವಾದದ್ದು ಜೆರಾಕ್ಸ್ ಅಂಗಡಿಯಲ್ಲಿ. ಗುಲಾಬಿಕಂಠದ ದಿನದಿಂದ ಮತ್ತೆ ಅಲ್ಲಿಗೇ ಹೋಗುತ್ತಿದ್ದೆ. ಅಂಗಡಿಯ ಯಜಮಾನರು ತಲೆಯೆತ್ತದೆ ಪುಟ ತಿರುಗಿಸುತ್ತಾ, "ಸಾರ್, ಮನೇಲಿ ತಿಂಗಳಿಗೆ ಎಷ್ಟು ಪೇಜ್ ತೆಗೀತೀರ?" ಅಂದರು. ಹತ್ತು ಅಂದೆ. "ಅದ್ರಲ್ಲಿ ಕಲರ್ ಎಷ್ಟು?" ಎರಡು. "ಹಂಗಾದ್ರೆ ಎರಡನ್ನ ನಮ್ಮಲ್ಲಿ ತೆಗೀರಿ. ಎಂಟಕ್ಕೆ ಒಂದು ಹಳೇ ಲೇಸರ್ ತಗೊಳ್ಳಿ, 12ಎ ಹಾಕೋದು. ಎಸ್.ಪಿ. ರೋಡಲ್ಲಿ ಸಿಗುತ್ತೆ." ನನ್ನ ಎಂ.ಎ., ಭಾಮೈದನ ಎಂ.ಬಿ.ಎ. ಎರಡೂ ಸೇರಿ ಕೇಳದ ಪ್ರಶ್ನೆಯನ್ನು ಎಸ್ಸೆಲ್ಸಿ ಫೇಲಾದವರು ಕೇಳಿದ್ದರು.

12ಎ ಗೊತ್ತಿಲ್ಲದವರಿಗೆ: ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಎಂಬ ಎರಡು ಮುದಿ ಕಪ್ಪುಬಿಳುಪು ಲೇಸರುಗಳಿವೆ. ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ, ವಕೀಲರ ಆಫೀಸುಗಳಲ್ಲಿ ಧೂಳು ಮೆತ್ತಿಕೊಂಡು, ಮೇಲ್ಭಾಗ ಬಿಸಿಲಿಗೆ ಹಳದಿಯಾಗಿ, ಇವತ್ತಿಗೂ ಕ್ರಯಪತ್ರ ಉಗುಳುತ್ತಾ ಕೂತಿವೆ. ಎರಡರ ಹೊಟ್ಟೆಗೂ ಹೋಗುವುದು ಒಂದೇ ಬಗೆಯ ಟೋನರ್, ಅದೇ 12ಎ. ಇನ್ನೂರೈವತ್ತು ರೂಪಾಯಿಗೆ ಪುಡಿ ತುಂಬಿಕೊಡುವವನು ಯಾವ ಊರಲ್ಲಾದರೂ ಸಿಗುತ್ತಾನೆ, ಎರಡು ಸಾವಿರದಷ್ಟು ಪುಟ ಬರುತ್ತದೆ. ಪುಡಿ ಒಣಗುವುದಿಲ್ಲ. ಪುಡಿಯಾಗಿರುವುದೇ ಒಣಗಿದ್ದರಿಂದ.

ಈ ಪುಡಿವಿದ್ಯೆಯ ಮೂಲಪುರುಷ ಚೆಸ್ಟರ್ ಕಾರ್ಲ್‌ಸನ್. ಪೇಟೆಂಟ್ ಕಾಗದಗಳ ನಕಲು ಮಾಡಿ ಮಾಡಿ ಬೇಸತ್ತಿದ್ದ ಮನುಷ್ಯ. ನ್ಯೂಯಾರ್ಕಿನ ಅಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ, 1938ರ ಅಕ್ಟೋಬರ್ 22ರಂದು, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ, ಬೆಳಕು ಬಿಟ್ಟು, ಪುಡಿ ಉದುರಿಸಿ, ಆ ದಿನದ ತಾರೀಕು ಮತ್ತು ಊರಿನ ಹೆಸರನ್ನು ಕಾಗದಕ್ಕೆ ಇಳಿಸಿದ. ಮುಂದಿನ ವರ್ಷಗಳಲ್ಲಿ 20ಕ್ಕೂ ಹೆಚ್ಚು ಕಂಪನಿಗಳು ಬೇಡ ಅಂದವು. ಕಾರ್ಬನ್ ಹಾಳೆ ಇರುವಾಗ ಇದೆಲ್ಲ ಯಾಕೆ ಎಂದು. ಕೊನೆಗೆ ಆ ವಿದ್ಯೆಯಿಂದಲೇ ಬೆಳೆದ ಜೆರಾಕ್ಸ್ ಕಂಪನಿಯಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬಾತ ಲೇಸರ್ ಸೇರಿಸುತ್ತೇನೆ ಅಂದಾಗ, ಮೇಲಧಿಕಾರಿಗಳು ಅವನಿಗೂ ಬೇಡ ಅಂದರು. ಬೇಡ ಅನ್ನಿಸಿಕೊಂಡೇ ಬೆಳೆದ ವಂಶ. 1984ರಲ್ಲಿ ಎಚ್‌ಪಿ ಮನೆಯಲ್ಲಿ ಒಂದೇ ವರ್ಷ ಎರಡು ಹೆರಿಗೆ: ಥಿಂಕ್‌ಜೆಟ್ ಎಂಬ ಇಂಕಿನ ಕೂಸು, ಲೇಸರ್‌ಜೆಟ್ ಎಂಬ ಪುಡಿಯ ಕೂಸು. ಪುಡಿಯದರ ಬೆಲೆ ಆಗ 3,495 ಡಾಲರ್. ಎಸ್.ಪಿ. ರೋಡಿನಲ್ಲಿ ಅದರ ಮೊಮ್ಮಗನನ್ನು ನಾನು ನಾಲ್ಕು ಸಾವಿರ ರೂಪಾಯಿಗೆ ಚೌಕಾಸಿ ಮಾಡಿ, ಗೋಣಿಚೀಲದಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ.

ಮನೆಯಲ್ಲಿ ಸ್ವಾಗತ ಚೆನ್ನಾಗಿರಲಿಲ್ಲ. "ಇದ್ಯಾವ್ದು ರೀ, ಗುಜರಿಯವರಿಗೆ ಕೊಡೋಕೆ ತಂದಿದ್ದಾ?" ಎಂದಳು ನಮ್ಮಾಕೆ. ವೈಫೈ ಎಲ್ಲಿ ಅಂತ ಮಗಳು ಹಿಂದೆ ಮುಂದೆ ತಡವಿದಳು. ಇರಲಿಲ್ಲ. ಆ್ಯಪ್ ಇಲ್ಲ, ಖಾತೆ ತೆರೆಯಬೇಕಿಲ್ಲ, ಪಾಸ್‌ವರ್ಡ್ ಇಲ್ಲ, ಇಂಟರ್ನೆಟ್ಟಿಗೆ ಹೋಗಿ ಯಜಮಾನನಿಗೆ ಚಾಡಿ ಹೇಳಲು ಬಾಯಿಯೇ ಇಲ್ಲ. ಒಂದು ಯುಎಸ್‌ಬಿ ವೈರು, ಒಂದು ಹಸಿರು ದೀಪ. ಪ್ರಿಂಟ್ ಕೊಟ್ಟೆ. ಒಂದು ಕ್ಷಣ ಉಸಿರೆಳೆದುಕೊಂಡು, ಬಿಸಿಬಿಸಿ ಹಾಳೆಯನ್ನು ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಕೈಗಿಟ್ಟಿತು.

ದೋಷ ಒಂದೇ. ಪುಡಿ ಎಂದರೆ ಪ್ಲಾಸ್ಟಿಕ್. ಅದನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಒಳಗಿನ ಉರುಳೆ 200 ಡಿಗ್ರಿಯ ಸುಮಾರಿಗೆ ಕಾಯಬೇಕು. ಕಾಯುವ ಗಳಿಗೆಯಲ್ಲಿ ಅದು ಕರೆಂಟನ್ನು ಒಂದೇ ಗುಟುಕಿಗೆ ಎಳೆಯುತ್ತದೆ. ಯುಪಿಎಸ್‌ಗೆ ಸಿಕ್ಕಿಸಿದರೆ ಅದು ಕೀರಲು ದನಿಯಲ್ಲಿ ಕಿರುಚಿ ಮಲಗಿಬಿಡುತ್ತದೆ. ನೇರ ಗೋಡೆಗೆ ಸಿಕ್ಕಿಸಿದರೆ ಹಾಲಿನ ದೀಪ ಒಮ್ಮೆ ಮಿಣುಕ್ ಅನ್ನುತ್ತದೆ. ನಮ್ಮದು ಹಳೇ ಮನೆ, ಹಳೇ ವೈರಿಂಗು. ಮಿಣುಕಿದರೆ ಮಿಣುಕಲಿ ಅಂದುಕೊಂಡೆ.

ಒಂದು ವಾರ ಸುಖವಾಗಿದ್ದೆ. ಎಂಟನೇ ದಿನ ಮೇಲಿನ ಮನೆಯ ರಾಯರು ಬಂದು, "ನಿಮ್ಮಲ್ಲಿ ಪ್ರಿಂಟ್ ಬರುತ್ತಂತೆ?" ಅಂದರು. ಬರುತ್ತಂತೆ! ಬಾವಿಯಲ್ಲಿ ನೀರು ಬಂದ ಸುದ್ದಿಯ ಹಾಗೆ. ಎಲ್ಲರ ಮನೆಯಲ್ಲೂ ಪ್ರಿಂಟರ್ ಇದೆ ಎಂದು ನಮ್ಮಾಕೆ ಹೇಳಿದ್ದು ನಿಜ. ಇದೆ. ಬೀದಿಯಲ್ಲಿ ಹದಿನಾಲ್ಕು ಪ್ರಿಂಟರ್ ಇವೆ, ಪ್ರಿಂಟ್ ಆಗುವುದು ಯಾವುದೂ ಇಲ್ಲ. ಹದಿನಾಲ್ಕರ ಮೇಲೂ ಕುಸುರಿ ಹಾಕಿದ ಬಟ್ಟೆ ಮುಚ್ಚಿ, ಮೇಲೊಂದು ಗಣಪತಿ ಇಟ್ಟಿದ್ದಾರೆ. ನನ್ನ ಮುದುಕಿ ಊರಿಗೊಬ್ಬಳೇ ಪದ್ಮಾವತಿಯಾದಳು. ರಾಯರ ಲೈಫ್ ಸರ್ಟಿಫಿಕೇಟು, ಎದುರುಮನೆಯವರ ಬೋರ್ಡಿಂಗ್ ಪಾಸು, ಪಕ್ಕದ ಬೀದಿಯ ಹುಡುಗನ ಸಿಇಟಿ ಹಾಲ್‌ಟಿಕೆಟ್ಟು, ಯಾರದೋ ಮದುವೆಯ ಜಾತಕ. ಬೆಳಿಗ್ಗೆ ಆರಕ್ಕೆ ವಾಟ್ಸಾಪಿನಲ್ಲಿ ಪಿಡಿಎಫ್ಫು, ಕೆಳಗೆ "ಅಂಕಲ್, ಎರಡೇ ಪೇಜ್" ಅಂತ. ತೆರೆದರೆ ನಲವತ್ತೆರಡು. ದುಡ್ಡು ಕೊಡಲು ಬಂದವರಿಗೆ ಅಯ್ಯೋ ಬೇಡ ಅನ್ನುವ ಸಂಸ್ಕಾರ ನಮ್ಮದು, ಸರಿ ಅಂತ ಜೇಬಿಗೆ ಹಾಕಿಕೊಳ್ಳುವ ಸಂಸ್ಕಾರ ಅವರದ್ದು. ಮೂಲೆಯ ಜೆರಾಕ್ಸ್ ಯಜಮಾನರು ನನ್ನನ್ನು ಕಂಡರೆ ಈಗ ಮಾತಾಡಿಸುವುದಿಲ್ಲ.

ಅಟ್ಟಕ್ಕೆ ಹಾಕಿದ್ದ ಇಂಕ್‌ಜೆಟ್ಟನ್ನು ಕೆಳಗಿಳಿಸಿದ್ದು ಆಗ. ಒರೆಸಿ, ಹಾಲಿನಲ್ಲಿ ಎದ್ದು ಕಾಣುವ ಹಾಗೆ ಟೀಪಾಯಿಯ ಮೇಲೆ ಕೂರಿಸಿ, ಪ್ಲಗ್ ಹಾಕಿದೆ. ಕೆಂಪು ದೀಪ ಹತ್ತಿತು. ಲೇಸರನ್ನು ಮಲಗುವ ಕೋಣೆಯ ಬೀರುವಿನ ಸಂದಿಗೆ ಸೇರಿಸಿದೆ. ಯಾರಾದರೂ ಬಂದು ಪ್ರಿಂಟ್ ಅಂದರೆ ಟೀಪಾಯಿಯ ಕಡೆ ಕೈ ತೋರಿಸಿ, "ಹಳದಿ ಖಾಲಿಯಾಗಿದೆ" ಅಂದರೆ ಸಾಕು. ಕಪ್ಪು ಅಕ್ಷರಕ್ಕೆ ಹಳದಿ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಬದಲಿಗೆ ಹೆಗಲ ಮೇಲೆ ಕೈಯಿಟ್ಟು, "ನಮ್ಮದೂ ಅದೇ ಸ್ವಾಮಿ" ಅಂದರು. ಮೂರೂವರೆ ಸಾವಿರ ಕೊಟ್ಟದ್ದಕ್ಕೆ ಆ ಯಂತ್ರ ಮೊದಲ ಬಾರಿಗೆ ಮನೆಯ ಉಪಯೋಗಕ್ಕೆ ಬಂತು.

ಎರಡು ತಿಂಗಳು ನೆಮ್ಮದಿ. ಮೊನ್ನೆ ಭಾನುವಾರ ಬಾಗಿಲು ಹಾಕಿ, ಪರದೆ ಎಳೆದು, ತೆರಿಗೆಯ ಕಾಗದ ಎರಡು ತೆಗೆದೆ. ಹಾಳೆ ಇನ್ನೂ ಬಿಸಿಯಿತ್ತು, ಬೆಲ್ ಆಯಿತು. ಪೆನ್ ಡ್ರೈವ್ ಹಿಡಿದು ರಾಯರು ನಿಂತಿದ್ದರು. ಟೀಪಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

"ಈಗ ತಾನೇ ಮೇಲೆ ನಮ್ಮ ಮನೆ ದೀಪ ಎರಡು ಸಲ ಮಿಣುಕ್ ಅಂತು" ಅಂದರು. "ಎರಡು ಪೇಜ್ ತೆಗೆದ್ರಿ ಅಲ್ವೇ? ಬಿಸಿ ಇರೋವಾಗಲೇ ನಂದೂ ಒಂದು ತೆಗೆದುಬಿಡಿ."